ಕೆಂಪಯ್ಯನ ಉಲ್ಟಾ ಕೋಲು

ಕೆಂಪಯ್ಯನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು ಎಂದರೆ ಕಡಿಮೆ ಹೇಳಿದ ಹಾಗಾಗುತ್ತದೆ. ಬೆಳಿಗ್ಗೆ ನೀರೊಲೆಯಲ್ಲಿ ಸೌದೆ ಹತ್ತದಿದ್ದರೆ ಸೌದೆಗೆ ಬೈಯುತ್ತಿದ್ದ. ಸೈಕಲ್ಲಿನ ಚೈನು ಕಳಚಿದರೆ ಸೈಕಲ್ ಕಂಡುಹಿಡಿದವನ ವಂಶವನ್ನೆಲ್ಲ ಬೀದಿಗೆಳೆಯುತ್ತಿದ್ದ. ಮೈಸೂರಿನ ಇಟ್ಟಿಗೆಗೂಡು ಬಡಾವಣೆಯ ಆ ಬೀದಿಯಲ್ಲಿ ಅವನಿಗೆ ಸಿಡುಕು ಕೆಂಪಯ್ಯ ಎಂದೇ ಹೆಸರು. ಹಾಗೆಂದು ಎದುರಿಗೆ ಕರೆಯುವ ಧೈರ್ಯ ಯಾರಿಗಿತ್ತು ಹೇಳಿ!

ಅಂಥವನು ಮೇಷ್ಟ್ರು. ಸ್ಕೂಲಿನ ಮೇಷ್ಟ್ರಲ್ಲ, ಗಾಲ್ಫ್ ಮೇಷ್ಟ್ರು. ಬೆಟ್ಟದ ಕೆಳಗಿನ ಮೈದಾನದಲ್ಲಿ ವಕೀಲರಿಗೆ, ಡಾಕ್ಟರುಗಳಿಗೆ, ಸಾಹುಕಾರರಿಗೆ ಕೋಲು ಬೀಸಿ ಚೆಂಡು ಹೊಡೆಯುವುದನ್ನು ಕಲಿಸುತ್ತಿದ್ದ. ಅವನ ಅಪ್ಪ ನಂಜನಗೂಡು ರಸ್ತೆಯ ಕಡೆಯ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದವರು. ಕೆಂಪಯ್ಯ ಮೀಸೆ ಮೂಡುವ ಮುಂಚೆಯೇ ಮೈಸೂರಿಗೆ ಬಂದು ಬಿಳಿಯರ ಕೋಲಿನ ಚೀಲ ಹೊತ್ತ, ಹೊರುತ್ತ ಹೊರುತ್ತ ಆಟ ಕಲಿತ. ಆಗ ಅಲ್ಲಿ ಕಲಿಸುತ್ತಿದ್ದ ದೊರೆಯ ಬಳಿ ಇದ್ದದ್ದು ಒಂದೇ ಪಾಠ. ತಲೆ ಬಗ್ಗಿಸು, ಮೊಣಕೈ ಬಿಗಿ ಹಿಡಿ, ಬೀಸು. ಚೀಲ ಹೊರುವವರು ಬೀಸಿ ತಪ್ಪಿದರೆ ಮೊಣಕಾಲಿನ ಕೆಳಗೆ ಬೆತ್ತದ ಏಟು. ಉದ್ದ ಇದ್ದವನಿಗೂ ಅದೇ ಪಾಠ, ಕುಳ್ಳನಿಗೂ ಅದೇ, ಸೊಂಟ ಹಿಡಿದವನಿಗೂ ಅದೇ. ಆ ಏಟಿನ ಉರಿಯನ್ನು ಕೆಂಪಯ್ಯ ಮರೆಯಲಿಲ್ಲ. ನಲವತ್ತೇಳರಲ್ಲಿ ಬಿಳಿಯರು ಗಂಟುಮೂಟೆ ಕಟ್ಟಿದರು. ಕಲಿಸಲು ಯಾರೂ ಉಳಿಯದೆ ಕ್ಲಬ್ಬಿನವರು ಕೆಂಪಯ್ಯನ ಕೈಗೆ ಕೋಲು ಕೊಟ್ಟಾಗ ಅವನು ಮನಸ್ಸಿನಲ್ಲೇ ಆಣೆ ಹಾಕಿಕೊಂಡ. ನಾನು ಆ ನನ್ಮಗನ ಹಾಗೆ ಕಲಿಸುವುದಿಲ್ಲ.

ಕಲಿಸಲೂ ಇಲ್ಲ. ಬೈದೇ ಕಲಿಸುತ್ತಿದ್ದ, ಆದರೆ ಬೈಗುಳ ಕೂಡ ಒಬ್ಬೊಬ್ಬರಿಗೆ ಒಂದೊಂದು. ವಕೀಲರೊಬ್ಬರಿದ್ದರು, ಕಾರಣ ಹೇಳದೆ ಕಿರುಬೆರಳೂ ಅಲ್ಲಾಡಿಸದ ಜಾತಿ. ಅವರೊಂದಿಗೆ ಮರದ ಕೆಳಗೆ ಕುಳಿತು ಮಧ್ಯಾಹ್ನದವರೆಗೆ ವಾದ ಮಾಡುತ್ತಿದ್ದ. ವಾದ ಮುಗಿದ ಮೇಲೆ ವಕೀಲರು ಎದ್ದು ಹೋಗಿ ಸರಿಯಾಗಿ ಹೊಡೆಯುತ್ತಿದ್ದರು. ಇಂಜಿನಿಯರೊಬ್ಬರ ಹೆಂಡತಿ ಅಲಮೇಲು ಅವರಿಗೆ ಸಂಗೀತ ಬರುತ್ತಿತ್ತು, ಮಾತು ಕಿವಿಗೆ ಬೀಳುತ್ತಿರಲಿಲ್ಲ. ಅವರ ಪಕ್ಕದಲ್ಲಿ ನಿಂತು ತೊಡೆ ತಟ್ಟಿ ತಾಳ ಹಾಕಿದ. "ತಕಧಿಮಿ ಅಂದ್ಕಳಿ ತಾಯಿ, ಮಿ ಅನ್ನೋವಾಗ ಕೋಲು ಕೆಳಗಿರ್ಬೇಕು, ಅಷ್ಟೇ!" ಎಂದ. ಕೈ ಹಿಡಿದು ತಿದ್ದಿದರೆ ಮಾತ್ರ ಕಲಿಯುವವರಿದ್ದರು, ಅವರ ಕೈ ಹಿಡಿಯುತ್ತಿದ್ದ. ನೋಡಿಯೇ ಕಲಿಯುವವರಿದ್ದರು, ಅವರ ಎದುರು ಬಾಯಿಗೆ ಬೀಗ ಹಾಕಿಕೊಂಡು ಬೀಸಿ ತೋರಿಸುತ್ತಿದ್ದ. ಸುಮ್ಮನಿರುವುದು ಅವನಿಗೆ ಎಷ್ಟು ಕಷ್ಟವಾಗಿತ್ತೋ ಆ ದೇವರಿಗೇ ಗೊತ್ತು.

ಕ್ಲಬ್ಬಿನ ಸೆಕ್ರೆಟರಿಗೆ ಇದು ಹಿಡಿಸುತ್ತಿರಲಿಲ್ಲ. "ಒಬ್ಬೊಬ್ಬರಿಗೆ ಒಂದೊಂದು ಪಾಠ ಏನಯ್ಯ? ಸಾಲಾಗಿ ನಿಲ್ಲಿಸಿ ಸೀಟಿ ಊದಿ ಕಲಿಸಬಾರದಾ?" ಎನ್ನುತ್ತಿದ್ದರು.

"ಸ್ವಾಮಿ, ನಿಮ್ಮನೇಲಿ ಎಲ್ಲಾರ್ಗೂ ಒಂದೇ ಅಳತೆ ಜೋಡು ತರ್ತೀರಾ?" ಎಂದು ಕೆಂಪಯ್ಯ ತಿರುಗಿ ಕೇಳುತ್ತಿದ್ದ.

ಅವನದೊಂದು ಗರ್ವದ ಮಾತೂ ಇತ್ತು. ಹೊಸಬರು ಬಂದ ದಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನೀಡುತ್ತಿದ್ದ. "ಕೋಲು ಎಂಗೆ ಈಸ್ಕತಾರೆ ನೋಡುದ್ರೆ ಸಾಕು ಕಣ್ರೀ, ಎಂಗೆ ಕಲೀತಾರೆ ಅಂತ ಯೋಳ್ಬುಡ್ತೀನಿ" ಎನ್ನುತ್ತಿದ್ದ. ಕೋಲನ್ನು ಹಿಸುಕಿ ಹಿಡಿದರೆ ಒಂದು ಲೆಕ್ಕ, ಬೆರಳ ತುದಿಯಲ್ಲಿ ಹಿಡಿದರೆ ಇನ್ನೊಂದು. ಯಾವ ಕೈಯಲ್ಲಿ ಎಂದು ಮಾತ್ರ ಅವನು ಯಾವತ್ತೂ ನೋಡಲಿಲ್ಲ. ನೋಡುವುದೇನಿತ್ತು? ಮೈಸೂರಿನಲ್ಲಿ ಒಬ್ಬರು ಕೊಟ್ಟದ್ದನ್ನು ಎಡಗೈಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಾರೆಯೇ?

ಅದಿರಲಿ. ಇಷ್ಟೆಲ್ಲ ಬುದ್ಧಿವಂತ ಮನೆಗೆ ಬಂದರೆ ಏನು ಮಾಡುತ್ತಿದ್ದ, ಕೇಳಿ.

ಅವನಿಗೆ ಒಬ್ಬಳೇ ಮಗಳು, ಚಾಮುಂಡೇಶ್ವರಿ. ಮನೆಯಲ್ಲಿ ಚಾಮು. ಹುಟ್ಟಾ ಎಡಚಿ. ತೆವಳುವ ಕಾಲದಲ್ಲೇ ಪುರಿ ಹೆಕ್ಕಲು ಎಡಗೈ ಮುಂದೆ ಬರುತ್ತಿತ್ತು. ತಟ್ಟೆಗೆ ಎಡಗೈ ಹಾಕಿದಾಗಲೆಲ್ಲ ಕೆಂಪಯ್ಯ ಅದರ ಮೇಲೆ ಪಟ್ಟೆಂದು ಹೊಡೆದ. ಸ್ಕೂಲಿಗೆ ಸೇರಿ ಬಳಪವನ್ನು ಎಡಗೈಯಲ್ಲಿ ಹಿಡಿದಾಗ ಹೆಂಡತಿಯ ಹಳೆಯ ಸೀರೆಯ ಅಂಚು ಹರಿದು, ಮಗಳ ಎಡ ಮಣಿಕಟ್ಟಿಗೆ ಒಂದು ಗಂಟು, ಸೊಂಟದ ಹಿಂದಕ್ಕೆ ಇನ್ನೊಂದು ಗಂಟು ಹಾಕಿದ. ಮನೆಯಲ್ಲಿ ಉಣ್ಣುವಾಗ ಕಟ್ಟು, ಬರೆಯುವಾಗ ಕಟ್ಟು. ಸ್ಕೂಲಿನಲ್ಲಿ ಕಟ್ಟುವಂತಿರಲಿಲ್ಲವಲ್ಲ, ಅದಕ್ಕೆ ತಾನೇ ಹೋಗಿ ಮೇಡಂಗೆ ಹೇಳಿ ಬಂದಿದ್ದ. ಎಡಗೈಯಲ್ಲಿ ಬರೆದರೆ ಮುಲಾಜಿಲ್ಲದೆ ಬಾರಿಸಿ ಎಂದು.

ಇದೇನು, ಊರಿಗೆಲ್ಲ ಒಂದು ನ್ಯಾಯ, ಮಗಳಿಗೊಂದು ನ್ಯಾಯವೇ ಎಂದು ಅವನನ್ನು ಕೇಳಿದ್ದರೆ ಹೌಹಾರುತ್ತಿದ್ದ. ಕೋಲು ಬೀಸುವುದು ಕಲಿಕೆ. ಯಾವ ಕೈಯಲ್ಲಿ ಉಣ್ಣಬೇಕು, ಯಾವ ಕೈಯಲ್ಲಿ ಅಕ್ಷರ ಬರೆಯಬೇಕು ಎನ್ನುವುದು ನಡತೆ. ನಡತೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಂಬುದುಂಟೇ? ಅವನ ತಲೆಯಲ್ಲಿ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿ ಇದ್ದವು.

ಚಾಮು ಎಂಟನೆಯ ಕ್ಲಾಸಿನ ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ಹೋದ ವರ್ಷ ಫೇಲಾಗಿದ್ದಳು. ಗೊತ್ತಿಲ್ಲದೆ ಅಲ್ಲ. ಬಾಯಿಗೆ ಬರುತ್ತಿದ್ದ ಲೆಕ್ಕ ಕೈಗೆ ಬರುತ್ತಿರಲಿಲ್ಲ. ಬಲಗೈಯಲ್ಲಿ ಒಂದೊಂದು ಅಕ್ಷರವನ್ನೂ ಕೆತ್ತಿ ಕೆತ್ತಿ ಬರೆಯುವ ಹೊತ್ತಿಗೆ ಗಂಟೆ ಹೊಡೆದಿತ್ತು, ಅರ್ಧ ಪೇಪರು ಖಾಲಿ. ಮಗಳು ಓದಿ, ಟ್ರೇನಿಂಗ್ ಮಾಡಿ, ಮೇಡಂ ಆಗಬೇಕೆಂಬುದು ಕೆಂಪಯ್ಯನ ಜೀವದ ಆಸೆ. ಅದಕ್ಕೇ ಅವನ ಕೋಪವೂ ಅಷ್ಟೇ ದೊಡ್ಡದು. "ಈ ಸಲ ಡುಮ್ಕಿ ಹೊಡುದ್ರೆ ಸ್ಕೂಲು ಬುಡ್ಸಿ ಊರಿಗೆ ಕಳುಸ್ಬುಡ್ತೀನಿ. ನಿಮ್ಮಜ್ಜಿ ಜೊತೆ ಸಗಣಿ ತಟ್ಕಂಡಿರು. ಬರೋ ವರ್ಷ ನಿಮ್ಮ ಸೋದರಮಾವನ್ಗೆ ಕೊಟ್ಟು ಕೈ ತೊಳ್ಕತೀನಿ" ಎಂದು ದಿನಾ ಕೂಗಾಡುತ್ತಿದ್ದ. ಬಾಯಿಮಾತಿಗೆ ಅಂದದ್ದಲ್ಲ, ಊರಿಗೆ ಹೇಳಿಕಳಿಸಿಯೂ ಆಗಿತ್ತು. ಸಂಕ್ರಾಂತಿ ಕಳೆದಿತ್ತು, ಪರೀಕ್ಷೆ ಎದುರಿಗೇ ಇತ್ತು.

ಆ ಹೊತ್ತಿನಲ್ಲೇ ಮೈದಾನದಲ್ಲಿ ಕೆಂಪಯ್ಯನಿಗೆ ಇನ್ನೊಂದು ತಲೆನೋವು ಗಂಟುಬಿದ್ದಿತ್ತು. ಚಾಮರಾಜಪುರಂನ ಷಡಕ್ಷರಿಯವರು, ಬಟ್ಟೆ ಅಂಗಡಿಯ ಯಜಮಾನರು, ಹಣೆ ತುಂಬ ವಿಭೂತಿ, ಕೂತರೆ ಕುರ್ಚಿ ಕಾಣದಷ್ಟು ಮೈ. ಡಾಕ್ಟರು ಮೈ ಬಗ್ಗಿಸಿ ಎಂದಿದ್ದಕ್ಕೆ ಮಳೆಗಾಲದಲ್ಲಿ ಆಟ ಕಲಿಯಲು ಬಂದವರು. ಮಳೆ ಹೋಯಿತು, ಚಳಿ ಹೋಯಿತು, ಅವರ ಕೋಲಿಗೆ ಚೆಂಡು ಸಿಕ್ಕಿರಲಿಲ್ಲ. ಹುಲ್ಲು ಹಾರುತ್ತಿತ್ತು, ಮಣ್ಣು ಹಾರುತ್ತಿತ್ತು, ಚೆಂಡು ಕುಳಿತಲ್ಲೇ ಕುಳಿತಿರುತ್ತಿತ್ತು. ಕೆಂಪಯ್ಯ ಕಾರಣ ಹೇಳಿದ. ಯಜಮಾನರು ಆಕಳಿಸಿದರು. ತಾಳ ಹಾಕಿದ. ಯಜಮಾನರಿಗೆ ನಗು ಬಂತು. ಕೈ ಹಿಡಿದು ತಿದ್ದಿದರೆ ಕೈ ಒನಕೆಯಂತೆ ಸೆಟೆದುಕೊಂಡಿತು. ಕೊನೆಗೆ ಎದುರಿಗೆ ನಿಂತು ಬೀಸಿ ತೋರಿಸಿದ. ಅವತ್ತು ಷಡಕ್ಷರಿಯವರು ಕನ್ನಡಿಯಲ್ಲಿ ನೋಡಿದವರ ಹಾಗೆ ತದ್ವಿರುದ್ಧ ನಿಂತುಕೊಂಡರು.

"ಉಲ್ಟಾ ನಿಂತಿದ್ದೀರಲ್ಲಾ ಯಜಮಾನ್ರೆ! ಈ ಕಡೀಕೆ ತಿರುಕ್ಕಳಿ!" ಎಂದು ಗದರಿ, ಭುಜ ಹಿಡಿದು ತಿರುಗಿಸಿ ನಿಲ್ಲಿಸಿದ್ದ. ಉತ್ತರ ಅಲ್ಲೇ ಕಣ್ಣಮುಂದೆ ನಿಂತಿತ್ತು. ಅದನ್ನು ಹಿಡಿದು ತಿರುಗಿಸಿದವನು ಇವನೇ.

ಒಂದು ಭಾನುವಾರ ಬೆಳಿಗ್ಗೆ ಸೆಕ್ರೆಟರಿ ಎಲ್ಲರ ಎದುರಿಗೇ ಅಂದುಬಿಟ್ಟರು. "ಕೆಂಪಯ್ಯನ ಕೈಯಲ್ಲಿ ಆಗಲ್ಲ ಅಂತ ಕಾಣುತ್ತೆ. ಬೆಂಗಳೂರಿಂದ ಬೇರೆಯವರನ್ನ ಕರೆಸೋಣ."

ಕೆಂಪಯ್ಯನ ಮೈಯೆಲ್ಲ ಉರಿದುಹೋಯಿತು. ಹಲ್ಲು ಕಚ್ಚಿಕೊಂಡು ಷಡಕ್ಷರಿಯವರ ಮುಂದೆ ಚೆಂಡು ಇಟ್ಟ. ಯಜಮಾನರು ಬೀಸಿದರು. ಮಣ್ಣು ಹಾರಿತು. ಇನ್ನೊಮ್ಮೆ ಬೀಸಿದರು. ಹುಲ್ಲು ಹಾರಿತು. ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದ ಯಾರೋ ಕಿಸಕ್ಕನೆ ನಕ್ಕರು. ಷಡಕ್ಷರಿಯವರಿಗೆ ರೇಗಿಹೋಯಿತು. ಕೋಲನ್ನು ದೂರಕ್ಕೆ ಎಸೆದು, "ನಿನಗೆ ಕಲಿಸೋದಕ್ಕೇ ಬರಲ್ಲ ಕಣಯ್ಯ! ಸುಮ್ಮನೆ ನನ್ನ ಮಾನ ಕಳೀತಿದ್ದೀಯ!" ಎಂದರು.

ಕೆಂಪಯ್ಯನ ಪಿತ್ತ ನೆತ್ತಿಗೇರಿತು. ಎದುರಿಗಿರುವವರು ಮೆಂಬರು, ತಾನು ಸಂಬಳದವನು ಎಂಬುದೆಲ್ಲ ಮರೆತುಹೋಯಿತು. ಜೇಬಿನಲ್ಲಿದ್ದ ಚೆಂಡು ತೆಗೆದು, "ನಂಗೆ ಬರಾಕಿಲ್ವಾ? ಅಂಗಾದ್ರೆ ತಗಳಿ, ನೀವೇ ಮಡಿಕ್ಕಳಿ!" ಎಂದು ಅವರ ಬಲಭುಜಕ್ಕೆ ಗುರಿಯಿಟ್ಟು ಎಸೆದೇಬಿಟ್ಟ.

ಷಡಕ್ಷರಿಯವರ ಎರಡು ಕೈಯೂ ಖಾಲಿಯಿದ್ದವು. ಚೆಂಡು ಬಂದದ್ದು ಬಲಗಡೆಗೆ. ಬಲಗೈ ಮಿಸುಕಲಿಲ್ಲ. ಎಡಗೈ ಎದೆಯ ಅಡ್ಡ ಹಾದು ಬಂದು, ಚೆಂಡನ್ನು ಗಾಳಿಯಲ್ಲೇ ಗಪ್ಪೆಂದು ಹಿಡಿಯಿತು. ಅಷ್ಟು ದಪ್ಪದ ಮೈಗೆ ಅಷ್ಟು ಚುರುಕು ಎಲ್ಲಿತ್ತೋ!

ಕೆಂಪಯ್ಯ ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ಇನ್ನೊಂದು ಚೆಂಡು ತೆಗೆದು ಅದೇ ಜಾಗಕ್ಕೆ ಎಸೆದ. ಎಡಗೈ ತುಂಬಿತ್ತಲ್ಲ, ಷಡಕ್ಷರಿಯವರು ಹಿಡಿದ ಚೆಂಡನ್ನು ಕೆಳಗೆ ಬಿಟ್ಟು ಮತ್ತೆ ಎಡಗೈಯಲ್ಲೇ ಹಿಡಿದರು.

"ಯಜಮಾನ್ರೆ, ಆ ಕೈಯಾ ನಿಮ್ದು?" ಎಂದ ಕೆಂಪಯ್ಯ.

"ಯಾವ ಕೈ?" ಎಂದು ಅವರು ತಮ್ಮ ಕೈ ತಾವೇ ನೋಡಿಕೊಂಡರು. ನೋಡಿದ್ದೇ ತಡ, ಕದ್ದು ಸಿಕ್ಕಿಬಿದ್ದವರ ಹಾಗೆ ಚೆಂಡನ್ನು ಅವಸರವಾಗಿ ಬಲಗೈಗೆ ದಾಟಿಸಿದರು.

"ಇಲ್ಲೇ ಇರಿ. ಎಲ್ಲೂ ಓಗ್ಬೇಡಿ. ಈಗ್ ಬಂದೆ" ಎಂದು ಕೆಂಪಯ್ಯ ಸೈಕಲ್ ಹತ್ತಿದ.

ಊರು ಬಿಟ್ಟು ಹೋದ ಬಿಳಿಯನೊಬ್ಬನ ಎಡಗೈ ಕೋಲುಗಳು ಕ್ಲಬ್ಬಿನ ಉಗ್ರಾಣದಲ್ಲಿ ಬಿದ್ದಿದ್ದವು. ಅವುಗಳ ಕಬ್ಬಿಣದ ಮುಖ ಬೇರೆಲ್ಲ ಕೋಲುಗಳಿಗೆ ತಿರುವುಮುರುವು. ಯಾರಿಗೂ ಬೇಡದ ಆ ಕೋಲುಗಳಿಗೆ ಅಲ್ಲಿನವರು ಉಲ್ಟಾ ಕೋಲು ಎನ್ನುತ್ತಿದ್ದರು. ಉಳಿದವು ಹುಳು ಹಿಡಿದು ಹಾಳಾದವು. ಚೆನ್ನಾಗಿದ್ದ ಒಂದನ್ನು ಕೆಂಪಯ್ಯ ಕೇಳಿ ಮನೆಗೆ ತಂದು ಹಿತ್ತಲಿನಲ್ಲಿ ಇಟ್ಟಿದ್ದ, ನುಗ್ಗೆಕಾಯಿ ಬೀಳಿಸಲು.

ಮನೆಗೆ ನುಗ್ಗಿದಾಗ ಚಾಮು ನಡುಮನೆಯ ನೆಲದಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದಳು. ಎಡಗೈ ಬೆನ್ನ ಹಿಂದೆ ಕಟ್ಟಿತ್ತು. ಅಪ್ಪನ ಹೆಜ್ಜೆ ಕೇಳಿ ಅವಳ ಬೆನ್ನು ನೆಟ್ಟಗಾಯಿತು.

"ಉಲ್ಟಾ ಕೋಲೆಲ್ಲೇ?" ಎಂದು ಕೆಂಪಯ್ಯ ಹೆಂಡತಿಗೆ ಕೂಗು ಹಾಕಿದ.

"ನುಗ್ಗೆ ಮರುಕ್ಕೆ ಒರಗುಸಿದೀನಿ ಕಣ್ರೀ. ಅದ್ಯಾಕೆ ಈಗ?" ಎಂದು ವಸಂತಮ್ಮ ಅಡಿಗೆಮನೆಯಿಂದ ಬಂದರು. "ಅದು ನಮ್ಮ ಯಾರ ಕೈಗೂ ಬಗ್ಗಾಕಿಲ್ಲ. ಚಾಮು ಒಬ್ಳೇ, ಒಂದೇಟ್ಗೆ ಎಲ್ಡು ಕಾಯಿ ಬೀಳುಸ್ತಾಳೆ."

ಆ ಮಾತು ಕೆಂಪಯ್ಯನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕೋಲು ತೆಗೆದುಕೊಂಡು ವಾಪಸ್ಸು ಬರುವಾಗ ಮಗಳ ಪುಸ್ತಕ ಕಣ್ಣಿಗೆ ಬಿತ್ತು. ಬೆಳಿಗ್ಗೆ ಅವನು ಹೋಗುವಾಗ ಅವಳು ಶುರು ಮಾಡಿದ್ದ ಪುಟವೇ ಇನ್ನೂ ಮುಗಿದಿರಲಿಲ್ಲ.

"ಇನ್ನೂ ಇದೇ ಪುಟ್ವೇನೇ? ಬಸವನಹುಳ ಇದುಕ್ಕಿಂತ ಬಿರ‍್ರನೆ ಬರೀತದೆ!" ಎಂದು ಗುಡುಗಿದ. ಬಗ್ಗಿ ಗಂಟು ಮುಟ್ಟಿ ನೋಡಿದ. "ಸಡ್ಲ ಮಾಡ್ಕಂಡಿದ್ದೀಯ ಅಲ್ವಾ, ಕಳ್ಳಿ?" ಎಂದು ಮಂಡಿಯೂರಿ ಕುಳಿತು, ಗಂಟನ್ನು ಇನ್ನೂ ಬಿಗಿಯಾಗಿ ಎಳೆದು ಕಟ್ಟಿದ. ಕೋಲನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ ತುಳಿದ. ದಾರಿಯುದ್ದಕ್ಕೂ ಅವನಿಗೆ ಸಂತೋಷ. ಸೆಕ್ರೆಟರಿಯ ಮುಖ ನೋಡಬೇಕು ಈಗ!

ಷಡಕ್ಷರಿಯವರು ಮರದ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದರು. ಕೆಂಪಯ್ಯ ಅವರನ್ನು ಎಬ್ಬಿಸಿ, ಅವತ್ತು ಗದರಿ ಬಿಡಿಸಿದ್ದ ಅದೇ ಉಲ್ಟಾ ನಿಲುವಿನಲ್ಲಿ ನಿಲ್ಲಿಸಿದ. "ಏನೂ ಯೋಚ್ನೆ ಮಾಡ್ಬೇಡಿ. ಬೀಸಿ" ಎಂದ.

ಮೊದಲನೆಯದು ಹುಲ್ಲು ಸವರಿಕೊಂಡು ಹೋಯಿತು. ಎರಡನೆಯದಕ್ಕೆ ಟಣ್ ಎಂಬ ಸದ್ದು ಬಂತು. ಚೆಂಡು ಎದ್ದಿತು, ಬೆಟ್ಟದ ಕಡೆಗೆ ನೆಟ್ಟಗೆ ಹೋಯಿತು, ಹೋಗುತ್ತಲೇ ಇತ್ತು. ವರಾಂಡದಲ್ಲಿದ್ದವರೆಲ್ಲ ಎದ್ದು ನಿಂತರು. ಸೆಕ್ರೆಟರಿ ಕಾಫಿ ಲೋಟ ಕೆಳಗಿಟ್ಟರು.

ಕೆಂಪಯ್ಯ ಮೀಸೆ ತಿರುವಿಕೊಂಡು ಯಜಮಾನರ ಕಡೆ ನೋಡಿದ. ಅವರ ಮುಖದಲ್ಲಿ ನಗುವಿರಲಿಲ್ಲ. ಚೆಂಡು ಹೋದ ಕಡೆಯನ್ನೂ ಅವರು ನೋಡುತ್ತಿರಲಿಲ್ಲ. ತಮ್ಮ ಎಡಗೈ ನೋಡಿಕೊಳ್ಳುತ್ತಿದ್ದರು.

"ಕಟ್ಟಿಹಾಕಿದ ಕಣಯ್ಯ" ಎಂದರು.

"ಯಾರು ಯಜಮಾನ್ರೆ?"

"ನಮ್ಮಪ್ಪ! ಇನ್ಯಾರು? ಉಣ್ಣುವಾಗ ಕಟ್ಟಿದ, ಬರೆಯುವಾಗ ಕಟ್ಟಿದ. ಬೆಳಿಗ್ಗೆ ಲಿಂಗಪೂಜೆ ಹೊತ್ತಿಗೆ ಬಿಚ್ಚೋನು. ಇಷ್ಟಲಿಂಗ ಇಟ್ಟುಕೊಳ್ಳೋದು ಎಡ ಅಂಗೈ ಮೇಲಲ್ಲವೇನಯ್ಯ? ಪೂಜೆ ಮುಗೀತೋ, ಮತ್ತೆ ಬೆನ್ನ ಹಿಂದಕ್ಕೆ. ಶಿವನನ್ನ ಹೊರೋದಕ್ಕೆ ಯೋಗ್ಯವಾದ ಕೈ, ಒಂದು ತುತ್ತು ಅನ್ನ ತಿನ್ನೋದಕ್ಕೆ ಹೊಲಸಾ? ಹೇಳಯ್ಯ, ಹೊಲಸಾ?"

ಅವರ ದನಿ ಏರುತ್ತಿತ್ತು. ವರಾಂಡದವರಿಗೆಲ್ಲ ಕೇಳಿಸುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಬಲಗೈಲಿ ಬರೆಯೋಕೆ ಬರಲಿಲ್ಲ. ದಡ್ಡ ಅಂದರು. ಓದು ಬಿಡಿಸಿ ಅಂಗಡೀಲಿ ಕೂರಿಸಿದರು. ನನಗೆ ಲೆಕ್ಕ ಬರುತ್ತಿತ್ತು ಕಣಯ್ಯ! ಮನಸ್ಸಲ್ಲೇ ಮಾಡ್ತಿದ್ದೆ. ಓದಿದ್ದರೆ ಏನಾಗ್ತಿದ್ದೆನೋ. ಇವತ್ತಿಗೂ ನಾಲ್ಕು ಜನರ ಮುಂದೆ ಪೆನ್ನು ಹಿಡೀಬೇಕು ಅಂದರೆ ಕೈ ನಡುಗುತ್ತೆ."

ಕೆಂಪಯ್ಯ ಕೇಳಬಾರದಾಗಿತ್ತು, ಆದರೂ ಕೇಳಿದ. "ಎಂಗೆ ಕಟ್ಟೋರು?"

"ಹೇಗೆ ಅಂದರೆ? ಹಳೇ ಪಂಚೆ ಅಂಚು ಹರಿದು ಮಣಿಕಟ್ಟಿಗೆ ಒಂದು ಗಂಟು. ಸೊಂಟದ ಹಿಂದಕ್ಕೆ ಇನ್ನೊಂದು."

ಮೈದಾನದಲ್ಲಿ ಬಿಸಿಲು ಹೊಡೆಯುತ್ತಿತ್ತು. ಕೆಂಪಯ್ಯನ ಬೆರಳುಗಳಲ್ಲಿ ಆಗತಾನೆ ಎಳೆದ ಗಂಟಿನ ಬಿಗಿ ಇನ್ನೂ ಇತ್ತು.

"ನಿಮ್ಮಪ್ಪಾರು... ಒಳ್ಳೇದುಕ್ಕೇ ಮಾಡಿರ್ತಾರೆ, ಯಜಮಾನ್ರೆ" ಎಂದ.

ಷಡಕ್ಷರಿಯವರು ಹಾವು ತುಳಿದವರ ಹಾಗೆ ಅವನ ಕಡೆ ತಿರುಗಿದರು. "ಒಳ್ಳೇದಕ್ಕಾ? ಅವರು ಲಿಂಗೈಕ್ಯರಾದ ದಿನ ಇಡೀ ಚಾಮರಾಜಪುರಂ ಅತ್ತಿತು. ಹಿರಿಮಗ ನಾನು. ನನ್ನ ಕಣ್ಣಲ್ಲಿ ಒಂದು ತೊಟ್ಟು ನೀರು ಬರಲಿಲ್ಲ. ಬರಲಿಲ್ಲ ಕಣಯ್ಯ, ಏನು ಮಾಡಲಿ!"

ಉಲ್ಟಾ ಕೋಲನ್ನು ಕೆಂಪಯ್ಯನ ಕೈಗೆ ತುರುಕಿ, ಮುಖ ಒರೆಸಿಕೊಳ್ಳುತ್ತ ಅವರು ಕಾರಿನ ಕಡೆ ಹೋಗಿಬಿಟ್ಟರು. ವರಾಂಡದಿಂದ ಸೆಕ್ರೆಟರಿ ಕೈ ಬೀಸಿ, "ಭೇಷ್ ಕೆಂಪಯ್ಯ!" ಎಂದರು. ಬೇರೆ ದಿನವಾಗಿದ್ದರೆ ಆ ಒಂದು ಮಾತನ್ನು ಅವನು ವರ್ಷವೆಲ್ಲ ಮೆಲುಕು ಹಾಕುತ್ತಿದ್ದ. ಅವತ್ತು ಅದೂ ಬೈಗುಳದ ಹಾಗೆ ಕೇಳಿಸಿತು. ಕೋಲು ಕೈಯಲ್ಲೇ ಹಿಡಿದುಕೊಂಡು ಮನೆಯ ದಾರಿ ಹಿಡಿದ. ಸೈಕಲ್ ಇದ್ದದ್ದೂ ನೆನಪಾಗಲಿಲ್ಲ.

ನಡೆಯುತ್ತ ನಡೆಯುತ್ತ ಅವನಿಗೆ ಕೋಪ ಬಂತು. ಮೊದಲು ಷಡಕ್ಷರಿಯವರ ಅಪ್ಪನ ಮೇಲೆ. ಆ ಮುದುಕನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದ. ಬೈದ ಒಂದೊಂದು ಮಾತೂ ತನಗೇ ಬಂದು ತಗುಲಿತು. ಆಮೇಲೆ ವಸಂತಮ್ಮನ ಮೇಲೆ ಕೋಪ ಬಂತು, ಇವಳಾದರೂ ತಡೆಯಬಾರದಿತ್ತೇ? ತಡೆದಿದ್ದಳು. ತಡೆದಾಗ ಇವನು ತಟ್ಟೆ ಎತ್ತಿ ಎಸೆದಿದ್ದ. ತನ್ನ ಕಾಲಿಗೆ ಬಾರಿಸಿದ ಆ ದೊರೆಯ ನೆನಪಾಯಿತು. ಆ ನನ್ಮಗ ಏಟನ್ನಷ್ಟೇ ಕೊಟ್ಟಿದ್ದ, ಕಟ್ಟಿಹಾಕಿರಲಿಲ್ಲ. ಬೈಯಲು ಇನ್ನು ಯಾರೂ ಉಳಿಯಲಿಲ್ಲ.

ಚಾಮು ಅಲ್ಲೇ ಕುಳಿತಿದ್ದಳು. ಪುಟ ಇನ್ನೂ ಅಷ್ಟರಲ್ಲೇ ಇತ್ತು. ಕೆಂಪಯ್ಯ ಹಿಂದೆ ಮಂಡಿಯೂರಿ ಗಂಟಿಗೆ ಕೈ ಹಾಕಿದ. ತಾನೇ ಬಿಗಿದ ಗಂಟು, ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಮಣಿಕಟ್ಟಿನಲ್ಲಿ ಅಂಚಿನ ಗುರುತು ಕೆಂಪಗೆ ಎದ್ದಿತ್ತು. ಅದರ ಕೆಳಗೆ ಹಳೆಯ ಗುರುತು, ಕಪ್ಪಗೆ. ಎಷ್ಟು ವರ್ಷದ್ದೋ, ಅವನು ಇವತ್ತೇ ನೋಡಿದ್ದು.

"ಎಡಗೈ ಕೊಡವ್ವ" ಎಂದ.

ಚಾಮು ಅಪ್ಪನ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ಕೋಲು ನೋಡಿದಳು. ಎಡ ಅಂಗೈ ಮೇಲಕ್ಕೆ ಮಾಡಿ ಮುಂದಕ್ಕೆ ಚಾಚಿದಳು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಏಟಿಗೆ ಕಾದು ಕುಳಿತಳು.

ಕೆಂಪಯ್ಯ ಕೋಲನ್ನು ಎತ್ತಿ ಹಿತ್ತಲಿಗೆ ಎಸೆದ. ಪೆನ್ಸಿಲನ್ನು ಅವಳ ಆ ಅಂಗೈಯಲ್ಲಿಟ್ಟು, "ಇದ್ರಲ್ಲೇ ಬರಿ ಮಗಾ" ಎಂದ. ಬೆರಳು ಮುಚ್ಚಿಕೊಳ್ಳಲಿಲ್ಲ. ಪೆನ್ಸಿಲು ಉರುಳಿ ನೆಲಕ್ಕೆ ಬಿತ್ತು. ಚಾಮು ಕಣ್ಣು ಬಿಟ್ಟು, ಅದನ್ನು ಬಲಗೈಯಲ್ಲಿ ಎತ್ತಿಕೊಂಡು, "ಇದ್ರಲ್ಲೇ ಬರೀತೀನಪ್ಪ. ಬಿರ‍್ರನೆ ಬರೀತೀನಿ" ಎಂದಳು. ಬಿಚ್ಚಿದ ಕೈ ತಾನಾಗಿಯೇ ಬೆನ್ನ ಹಿಂದಕ್ಕೆ ಹೋಗಿ ಕುಳಿತಿತ್ತು.

ಎಷ್ಟೋ ಜನಕ್ಕೆ ಕಲಿಸಿದ ಮೇಷ್ಟ್ರಿಗೆ ಏನು ಮಾಡಬೇಕೋ ತೋಚಲಿಲ್ಲ. ಬೇಡಿಕೊಂಡ, ಆಗಲಿಲ್ಲ. ಎದ್ದು ಬಾಗಿಲವರೆಗೆ ಹೋದ. ಮಗಳು ಪೆನ್ಸಿಲ್ ಕೆಳಗಿಟ್ಟು ಪುಟ ತಿರುಗಿಸುವವರೆಗೆ ಕಾದ. ಜೇಬಿನಿಂದ ಚೆಂಡು ತೆಗೆದು, "ಚಾಮು!" ಎಂದು ಕೂಗಿ ಅವಳ ಬಲಭುಜದ ಕಡೆಗೆ ಮೆಲ್ಲಗೆ ಎಸೆದ.

ಬೆನ್ನ ಹಿಂದಿನಿಂದ ಎಡಗೈ ಚಿಮ್ಮಿ ಬಂದು ಚೆಂಡನ್ನು ಹಿಡಿಯಿತು.

ಹಿಡಿದದ್ದು ಗೊತ್ತಾಗುತ್ತಲೇ ಚಾಮುವಿನ ಮುಖ ಬಿಳಿಚಿಕೊಂಡಿತು. ಚೆಂಡು ಕೆಳಗೆ ಹಾಕಿ ಗೋಡೆಗೆ ಸರಿದಳು. "ಬೇಕೂಂತ ಮಾಡ್ಲಿಲ್ಲಪ್ಪ! ಅದೇ ಹಿಡ್ಕಂಡ್ಬುಡ್ತು! ನಿಜವಾಗ್ಲೂ ಅದೇ ಹಿಡ್ಕಂಡ್ಬುಡ್ತು!"

ಕೆಂಪಯ್ಯ ಹೊಸ್ತಿಲ ಮೇಲೆ ಕುಳಿತ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ವಸಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಮಾರನೆಯ ದಿನ ಅವನು ಸ್ಕೂಲಿಗೆ ಹೋದ. ಹೋದದ್ದು ಜಗಳಕ್ಕೇ. ಸರೋಜಮ್ಮ ಮೇಡಂ ಕ್ಲಾಸಿನಿಂದ ಹೊರಗೆ ಬರುವಷ್ಟರಲ್ಲಿ ಕೂಗು ಶುರುವಾಗಿತ್ತು. "ನನ್ನ ಮಗಳ ಎಡಗೈ ಮೇಲೆ ಇನ್ನೊಂದ್ ಏಟು ಬೀಳ್ಲಿ, ನೋಡ್ಕತೀನಿ! ಅವಳು ಯಾವ ಕೈಲಿ ಬೇಕೋ ಆ ಕೈಲಿ ಬರೀತಾಳೆ, ಪರೀಕ್ಷೇಲೂ ಬರೀತಾಳೆ!"

ಸರೋಜಮ್ಮ ಕೂಡ ಸಿಟ್ಟಿನಿಂದಲೇ ಕೇಳಿದರು. "ಹೊಡೀರಿ ಅಂತ ಬಂದು ಹೇಳಿದ್ದು ಯಾರ‍್ರೀ? ನೀವೇ ಅಲ್ವಾ? ಬೇಡ ಕಣ್ರೀ, ಬಿಟ್ಟುಬಿಡಿ, ಆ ಮಗೂಗೆ ಅದೇ ಕೈ ಅಂದೆ. ಆವತ್ತೂ ಹೀಗೇ ಕೂಗಾಡಿದ್ರಿ. ನಾನು ಒಂದು ದಿನಾನೂ ಹೊಡೆದಿಲ್ಲ. ನಿಮ್ಮ ಭಯಕ್ಕೆ ಅವಳೇ ಆ ಕೈ ತೆಗೀತಿರಲಿಲ್ಲ."

ಕೆಂಪಯ್ಯ ಅಲ್ಲಿಂದ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ.

ಪರೀಕ್ಷೆಯವರೆಗೆ ಚಾಮು, ಅಪ್ಪ ಮನೆಯಲ್ಲಿ ಇಲ್ಲದಾಗ, ಎಡಗೈಯಲ್ಲಿ ಬರೆದು ಬರೆದು ರೂಢಿ ಮಾಡಿಕೊಂಡಳು. ಅಕ್ಷರಗಳು ಸೊಟ್ಟಗಿದ್ದವು, ಆದರೆ ಓಡಿದವು. ಅದಕ್ಕೆಂದೇ ಕೆಂಪಯ್ಯ ಕೆಲಸವಿಲ್ಲದಿದ್ದರೂ ಸಂಜೆಯವರೆಗೆ ಮೈದಾನದಲ್ಲೇ ಕುಳಿತಿರುತ್ತಿದ್ದ. ಅವಳು ಪಾಸಾದಳು. ಮುಂದೆ ಟ್ರೇನಿಂಗೂ ಮುಗಿಸಿ, ಕೃಷ್ಣಮೂರ್ತಿಪುರಂನ ಸ್ಕೂಲೊಂದರಲ್ಲಿ ಮೇಡಂ ಆದಳು. ಬೋರ್ಡಿನ ಮೇಲೆ ಎಡಗೈಯಲ್ಲಿ ಸರಸರನೆ ಬರೆಯುತ್ತಿದ್ದಳು. ಮನೆಯಲ್ಲಿ ಎಡಗೈಯಲ್ಲೇ ಹೆಚ್ಚುತ್ತಿದ್ದಳು, ಹೊಲಿಯುತ್ತಿದ್ದಳು, ಅಮ್ಮನ ಕೈಯಿಂದ ಕಾಫಿ ಲೋಟವನ್ನು ಎಡಗೈಯಲ್ಲೇ ತೆಗೆದುಕೊಳ್ಳುತ್ತಿದ್ದಳು.

ಅಪ್ಪ ಏನಾದರೂ ಕೊಟ್ಟರೆ ಮಾತ್ರ ಬಲಗೈ ಬರುತ್ತಿತ್ತು. ಹೂವು ಕೊಡಲಿ, ಹಣ್ಣು ಕೊಡಲಿ, ಬಲಗೈ. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತಿತ್ತು. ಅವಳಿಗೆ ಅದರ ಅರಿವೇ ಇದ್ದಂತೆ ಕಾಣಲಿಲ್ಲ.

ಆದ್ದರಿಂದ ಕೆಂಪಯ್ಯ ಮಗಳಿಗೆ ಏನನ್ನೂ ಕೈಗೆ ಕೊಡುವುದನ್ನೇ ಬಿಟ್ಟ. ಎಸೆಯುತ್ತಿದ್ದ. ಬೀಗದಕೈ, ಬಾಚಣಿಗೆ, ಮಾರ್ಕೆಟ್ಟಿನಿಂದ ತಂದ ಕಿತ್ತಳೆ. ಒಮ್ಮೆ ಚಾಮುವನ್ನು ನೋಡಲು ಗಂಡಿನ ಕಡೆಯವರು ಬಂದು ಕುಳಿತಿದ್ದಾಗಲೂ ತಟ್ಟೆಯಿಂದ ಒಂದು ಕಿತ್ತಳೆ ತೆಗೆದು ನಡುಮನೆಯ ಆಚೆಯಿಂದ ಎಸೆದ. ಬಂದವರು ಮುಖ ಮುಖ ನೋಡಿಕೊಂಡರು.

"ಏನ್ರೀ ಇದು, ವಯಸ್ಸಿಗೆ ಬಂದ ಮಗಳ್ಗೆ ನಾಯ್ಗೆ ಎಸ್ದಂಗೆ ಎಸೀತೀರಲ್ಲಾ! ನಾಕು ಜನ ಏನಂದ್ಕತಾರೆ?" ಎಂದು ವಸಂತಮ್ಮ ಹಲ್ಲು ಕಡಿದರು.

"ಅಂದ್ಕಳ್ಳಿ! ನಿಂಗ್ಯಾಕೆ? ಸುಮ್ಕಿರು!" ಎಂದು ಕೆಂಪಯ್ಯ ಬಂದವರ ಎದುರಿಗೇ ಗುಡುಗಿದ. ಗುಡುಗಿ ಇನ್ನೊಂದು ಕಿತ್ತಳೆ ಎಸೆದ. ಎಡಗೈ ಅದನ್ನೂ ಹಿಡಿಯಿತು.